ಎರಡು ವ್ಯಾಟಿನ ಹೆಪ್ಪು

ಬಿ.ಜಿ. ಕೆರೆ ದಾಟುವಾಗ ಹೆಡ್‌ಲೈಟು ಹಳದಿಗೆ ತಿರುಗಿತು. ಇನ್ನೊಂದಿಷ್ಟು ದೂರ ಬರುವಷ್ಟರಲ್ಲಿ ಅದು ಬತ್ತಿ ಕರಿಕಟ್ಟಿದ ಹರಳೆಣ್ಣೆ ದೀಪದ ಹಾಗಾಯಿತು. ಹಾರ್ನ್ ಒತ್ತಿದರೆ ಗಂಟಲು ಕಟ್ಟಿದವರ ದನಿ. 2003ರ ಡಿಸೆಂಬರ್ ತಿಂಗಳ ರಾತ್ರಿ. ಮಗಳ ಮದುವೆಗೆಂದು ಮೊಳಕಾಲ್ಮುರಿನಲ್ಲಿ ರೇಷ್ಮೆ ಸೀರೆ ಕೊಂಡು ಮೇಷ್ಟ್ರು ಮತ್ತು ಅವರ ಹೆಂಡತಿ ಚಳ್ಳಕೆರೆಗೆ ಮರಳುತ್ತಿದ್ದರು. ಇಂದು ರಾಷ್ಟ್ರೀಯ ಹೆದ್ದಾರಿ 150ಎ ಎಂಬ ಫಲಕ ಹೊತ್ತಿರುವ ಆ ರಸ್ತೆಗೆ ಆಗ ಜನರ ಬಾಯಲ್ಲಿದ್ದ ಹೆಸರು ಬಳ್ಳಾರಿ ರೋಡು, ಅಷ್ಟೆ.

"ನಿಮಗೆ ದಾರಿ ಕಾಣಿಸ್ತೈತಾ?"

"ಮುಂದಿನ ಲಾರಿ ಕೆಂಪು ದೀಪ ಕಾಣಿಸ್ತೈತೆ. ಸುಮ್ನೆ ಕೂತ್ಕೋ."

ಎಂಜಿನ್ ಮಾತ್ರ ಏನೂ ಆಗಿಲ್ಲವೆಂಬಂತೆ ಗುಡುಗುಡು ಓಡುತ್ತಿತ್ತು. ಡೀಸೆಲ್ ಗಾಡಿಯ ಗುಣವೇ ಅದು. ಪೆಟ್ರೋಲ್ ಎಂಜಿನ್ನಿಗೆ ಕ್ಷಣಕ್ಷಣಕ್ಕೂ ಸ್ಪಾರ್ಕ್ ಬೇಕು. ಬ್ಯಾಟರಿ ಸತ್ತರೆ ಅದೂ ನಿಲ್ಲುತ್ತದೆ. ಹಳೆಯ ಡೀಸೆಲ್ಲಿನಲ್ಲಿ ಒತ್ತಡಕ್ಕೆ ಬಿಸಿಯಾದ ಗಾಳಿಯಲ್ಲೇ ಎಣ್ಣೆ ಹೊತ್ತಿಕೊಳ್ಳುತ್ತದೆ. ಒಮ್ಮೆ ಶುರುವಾದರೆ ಕರೆಂಟಿನ ಹಂಗಿಲ್ಲದೆ ಓಡುತ್ತಲೇ ಇರುತ್ತದೆ. ಹೀಗಾಗಿ ಚಾರ್ಜ್ ಆಗದ ತೊಂದರೆ ಹಗಲಿನಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಕತ್ತಲಾದ ಮೇಲೆ ಎರಡು ಹೆಡ್‌ಲೈಟುಗಳೇ ಹತ್ತು ಆಂಪಿಯರ್‌ನಷ್ಟು ಕರೆಂಟು ಎಳೆಯುತ್ತವೆ. ಆಗ ಗುಟ್ಟು ರಟ್ಟಾಗುತ್ತದೆ.

ತಳುಕು ಬಂದಾಗ ರಸ್ತೆ ಬದಿಯ ಹೋಟೆಲಿನ ಮುಂದೆ ನಿಲ್ಲಿಸಿ ಟೀ ಕುಡಿದರು. ಎಂಜಿನ್ ಆಫ್ ಮಾಡುವ ಧೈರ್ಯ ಬರಲಿಲ್ಲ. ಕುವೆಂಪು ತಮ್ಮ ರಾಮಾಯಣವನ್ನು ಅರ್ಪಿಸಿದ ಗುರು ಟಿ.ಎಸ್. ವೆಂಕಣ್ಣಯ್ಯನವರ ಊರು ಅದು. ಅಲ್ಲಿ ಬಂದಾಗಲೆಲ್ಲ ಹೆಂಡತಿಗೆ ಆ ಸಂಗತಿ ಹೇಳುವುದು ಮೇಷ್ಟ್ರ ರೂಢಿ. ಅಂದು ಹೇಳಲಿಲ್ಲ. ಆಲ್ಟರ್ನೇಟರ್ ಬದಲಿಸಿ ಎರಡು ತಿಂಗಳೂ ಆಗಿರಲಿಲ್ಲ. ಬ್ಯಾಟರಿ ಹಾಕಿಸಿ ಮೂರು ವಾರ. ಎರಡೂ ಬದಲಾದ ಮೇಲೂ ಗಾಡಿ ಕತ್ತಲಲ್ಲಿ ಕೈಕೊಟ್ಟಿತ್ತು.

ಆ ಗಾಡಿ ಒಂದು ಡೀಸೆಲ್ ಅಂಬಾಸಿಡರ್. ಚಳ್ಳಕೆರೆಯ ಎಣ್ಣೆ ಮಿಲ್ಲಿನ ಸಾಹುಕಾರರೊಬ್ಬರಿಂದ ಕೊಂಡದ್ದು. ಶೇಂಗಾ ಬೆಳೆ, ಎಣ್ಣೆ ಗಾಣ, ಮಿಲ್ಲು, ಮಂಡಿಗಳಿಂದ ಚಳ್ಳಕೆರೆಗೆ ಎಣ್ಣೆ ನಗರವೆಂಬ ಹೆಸರು ಬಂದಿದ್ದ ಕಾಲದಲ್ಲಿ ಮಿಲ್ಲಿನ ಗೇಟಿನೊಳಗೆ ಅಂಬಾಸಿಡರ್ ನಿಂತಿರುವುದು ಅಂತಸ್ತಿನ ಗುರುತು. 2001ರಿಂದ ಮೂರು ವರ್ಷ ಸತತ ಬರ ಬಿತ್ತು. ಶೇಂಗಾ ಕೈಕೊಟ್ಟಿತು, ಹಲವರ ಅಂತಸ್ತೂ ಇಳಿಯಿತು. ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರ ಸಂಬಳಕ್ಕೂ ಅಂಬಾಸಿಡರ್ ಎಟುಕಿದ್ದು ಹಾಗೆ.

ಅಕ್ಟೋಬರಿನಲ್ಲಿ ಬಾನೆಟ್ ಒಳಗಿಂದ ಕಿರ್ರೆನ್ನುವ ಸದ್ದು ಬರತೊಡಗಿತು. ಆಲ್ಟರ್ನೇಟರಿನ ಬೇರಿಂಗ್ ಹೋಗಿತ್ತು. ಬಿಚ್ಚಿ ನೋಡಿದರೆ ಕಾರ್ಬನ್ ಬ್ರಶ್ಶೂ ಸವೆದು ಬುಡಕ್ಕೆ ಬಂದಿತ್ತು. ಊರಿನ ಆಟೋ ಎಲೆಕ್ಟ್ರಿಕಲ್ ಅಂಗಡಿಯವನು, "ಇದಕ್ಕೆ ದುಡ್ಡು ಹಾಕೋದು ದಂಡ ಸಾರ್, ರೋಟರ್ ಹೊಸದಾಗಿ ಸುತ್ತಿರೋ ರೀಕಂಡೀಷನ್ ಪೀಸ್ ಐತೆ, ಹಾಕ್ತೀನಿ" ಎಂದ. ಅವನು ಮೇಷ್ಟ್ರ ಹಳೆಯ ವಿದ್ಯಾರ್ಥಿ. ಹಾಕಿದ. ಎಂಜಿನ್ ಶುರುಮಾಡಿ, ಆಕ್ಸಿಲರೇಟರ್ ತುಳಿದು ಮೀಟರ್ ತೋರಿಸಿದ: 14.2 ವೋಲ್ಟ್. ನಿಂತ ಗಾಡಿಯ ಒಳ್ಳೆಯ ಬ್ಯಾಟರಿ 12.6 ತೋರಿಸಬೇಕು, ಎಂಜಿನ್ ಓಡುವಾಗ 13.8ರಿಂದ 14.4ರ ನಡುವೆ ಇರಬೇಕು. ಲೆಕ್ಕ ಸರಿಯಾಗಿತ್ತು.

ನಾಲ್ಕನೇ ದಿನ ಬೆಳಿಗ್ಗೆ ಸೆಲ್ಫ್ ಹೊಡೆದರೆ ಟಕ್ ಎಂದು ಸುಮ್ಮನಾಯಿತು.

ಅಲ್ಲಿಂದ ಶುರುವಾದ ಓಡಾಟಕ್ಕೆ ಲೆಕ್ಕವಿಲ್ಲ. ಅಂಗಡಿಗೆ ಹೋದರೆ ಚಾರ್ಜ್ ಆಗುತ್ತಿತ್ತು. ಡಾಕ್ಟರ ಎದುರು ಕೂತ ಕೂಡಲೇ ಮಾಯವಾಗುವ ಹೊಟ್ಟೆನೋವಿನ ಹಾಗೆ, ಹುಡುಗ ಮೀಟರ್ ಹಿಡಿದರೆ ಸಾಕು, 14.2. ಅನುಮಾನ ಬ್ಯಾಟರಿಯ ಮೇಲೆ ಹೋಯಿತು. ಹೈಡ್ರೋಮೀಟರ್ ಅದ್ದಿ ನೋಡಿದರೆ ಎರಡು ಸೆಲ್ ಸೋತಿದ್ದವು. ಹೊಸ ಬ್ಯಾಟರಿ ಬಂತು. ವಾರ ಚೆನ್ನಾಗಿತ್ತು. ಆಮೇಲೆ ಅದೇ ಕತೆ. ಆಲ್ಟರ್ನೇಟರನ್ನೇ ಇಳಿಸಿ ಅಂಗಡಿಯ ಟೆಸ್ಟ್ ಬೆಂಚಿಗೆ ಕೂರಿಸಿದರು. ಅಲ್ಲೂ ಪಾಸು.

ಧಾರವಾಡದ ಕಡೆಯ ನೆಂಟರು ಬಂದಾಗ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ಧಾಪುರಗಳಿಗೆ ಕರೆದೊಯ್ದರು. ಬಿ.ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದ ಅಶೋಕನ ಶಾಸನಗಳನ್ನು ತೋರಿಸಿ, ಬ್ರಾಹ್ಮಿ ಅಕ್ಷರಗಳ ಕೊನೆಗೆ ಚಪಡನೆಂಬ ಲಿಪಿಕಾರ ತನ್ನ ಸಹಿಯ 'ಲಿಪಿಕಾರ' ಎಂಬ ಪದವನ್ನು ಮಾತ್ರ ಖರೋಷ್ಠಿಯಲ್ಲಿ ಬರೆದಿದ್ದನ್ನು ವಿವರಿಸಿ, ಮೇಷ್ಟ್ರು ಗತ್ತಿನಿಂದ ಬಂದು ಕೀ ತಿರುಗಿಸಿದರು. ಟಕ್. ಎರಡು ಸಾವಿರದ ಇನ್ನೂರು ವರ್ಷ ದಾಟಿ ಬಂದ ಬರಹವನ್ನು ನೋಡಿ ಮೈಮರೆತಿದ್ದ ನೆಂಟರು, ಕುರಿ ಕಾಯುವ ಇಬ್ಬರು ಹುಡುಗರೊಂದಿಗೆ ಸೇರಿ ಅಂಬಾಸಿಡರನ್ನು ತಳ್ಳಿದರು.

ಆ ಸಂಜೆ ಮೇಷ್ಟ್ರು ಅಂಗಡಿಗೆ ಹೋಗಿ, ಅಲ್ಲಿದ್ದ ನಾಲ್ಕಾರು ಗಿರಾಕಿಗಳ ಎದುರಿಗೇ ಹುಡುಗನಿಗೆ ಅಂದರು: "ಸೈನ್ಸಲ್ಲಿ ಮೂವತ್ತೈದು ತಗೊಂಡು ಪಾಸಾದೋನು ನೀನು. ನಿನ್ನ ಕೈಗೆ ಗಾಡಿ ಕೊಟ್ಟಿದ್ದು ನನ್ನ ತಪ್ಪು." ಹುಡುಗ ತಲೆ ತಗ್ಗಿಸಿ ಸ್ಪ್ಯಾನರ್ ಒರೆಸುತ್ತ ನಿಂತ. ಏನೂ ಹೇಳಲಿಲ್ಲ.

ಮೇಷ್ಟ್ರಿಗೆ ಒಂದು ಒಳ್ಳೆಯ ಅಭ್ಯಾಸವಿತ್ತು. ಪ್ರಯೋಗಶಾಲೆಯ ರೆಕಾರ್ಡ್ ಪುಸ್ತಕದಂತೆ ಗಾಡಿಗೂ ಒಂದು ನೋಟ್‌ಬುಕ್ಕು. ದಿನಾಂಕ, ಹೋದ ಊರು, ಬೆಳಗಿನ ವೋಲ್ಟೇಜು, ಸಂಜೆಯ ವೋಲ್ಟೇಜು, ಓಡಿಸಿದವರು. ಡಿಸೆಂಬರಿನ ಹೊತ್ತಿಗೆ ಐದು ಪುಟ ತುಂಬಿತ್ತು. ಅದನ್ನು ಓದಿ ನಕ್ಕವನು ಕಾಲೇಜಿಗೆ ಹೋಗುತ್ತಿದ್ದ ಮಗ.

"ಅಪ್ಪಾ, ನಾನು ಓಡಿಸಿದ ದಿನ ಬ್ಯಾಟ್ರಿ ತುಂಬೈತೆ. ನೀವು ಓಡಿಸಿದ ದಿನ ಇಳಿದೈತೆ. ಗಾಡಿಗೆ ನಿಮ್ಮನ್ನ ಕಂಡ್ರೆ ಆಗಲ್ಲ."

ತಮಾಷೆಯ ಮಾತು. ಆದರೆ ಪುಟ ತಿರುವಿದರೆ ಅದು ನಿಜವೇ ಆಗಿತ್ತು. ಮಗ ಓಡಿಸಿದ ದಿನಗಳ ಮುಂದೆ 12.5, 12.6, ಮೇಷ್ಟ್ರು ಓಡಿಸಿದ ದಿನಗಳ ಮುಂದೆ 12.2, 12.0. ಮೊಳಕಾಲ್ಮುರಿನಿಂದ ಬಂದ ಆ ರಾತ್ರಿಯ ಮುಂದೆ 11.4. ಕಾರಣ ಮಾತ್ರ ಇಬ್ಬರಿಗೂ ಹೊಳೆಯಲಿಲ್ಲ.

ಸೀರೆಗೆ ಕುಚ್ಚು ಕಟ್ಟಿಸಲು ಕೊಟ್ಟಿದ್ದನ್ನು ತರಲು ಮರುವಾರ ಮತ್ತೆ ಮೊಳಕಾಲ್ಮುರಿಗೆ ಹೋಗಬೇಕಿತ್ತು. ಹಗಲೇ ಹೊರಟರು. ಅಲ್ಲಿ ಗಾಡಿ ಮತ್ತೆ ಟಕ್ ಎಂದಾಗ ಸೀರೆ ಅಂಗಡಿಯವರೇ ಬಸ್ ಸ್ಟ್ಯಾಂಡಿನ ಕಡೆಯ ಒಬ್ಬ ಹಳೆಯ ಎಲೆಕ್ಟ್ರಿಷಿಯನ್ ಹತ್ತಿರ ಕಳಿಸಿದರು. ಅರವತ್ತು ದಾಟಿದ ಯಜಮಾನ. ಕನ್ನಡದಲ್ಲಿ ಶುರುವಾದ ಮಾತು ತೆಲುಗಿನಲ್ಲಿ ಮುಗಿಯುವ ಗಡಿಯ ನಾಲಿಗೆ. ಅಂಗಡಿ ಎಂದರೆ ಒಂದು ತಗಡಿನ ಶೆಡ್ಡು, ಒಂದು ಬೆಂಚು, ಗೋಡೆಯ ಮೊಳೆಗೆ ನೇತುಬಿದ್ದ ವೈರಿನ ಸಿಂಬೆಗಳು.

ಮೇಷ್ಟ್ರು ನೋಟ್‌ಬುಕ್ ಬಿಚ್ಚಿದರು. ಯಜಮಾನ ಕನ್ನಡಕ ಏರಿಸಿ ಐದೂ ಪುಟ ಓದಿದ. ಮೀಟರ್ ತೆಗೆಯಲಿಲ್ಲ, ಸ್ಪ್ಯಾನರ್ ಮುಟ್ಟಲಿಲ್ಲ.

"ನೀವು ಮೆಲ್ಲಗೆ ಓಡಿಸ್ತೀರಿ, ಅಲ್ಲವಾ ಮೇಷ್ಟ್ರೇ? ಮಗ ಗುಯ್ ಅಂತ ತುಳೀತಾನೆ."

ಹೌದು ಎಂದರು. ಡೀಸೆಲ್ ಉಳಿಸುವುದು ಮೇಷ್ಟ್ರ ವ್ರತ. ಎಂಜಿನ್ ಜೋರು ಮಾಡಿದವರಲ್ಲ.

ಯಜಮಾನ ಮೊದಲು ಫ್ಯಾನ್ ಬೆಲ್ಟನ್ನು ಹೆಬ್ಬೆರಳಿಂದ ಒತ್ತಿ ನೋಡಿದ. ಬಿಗಿ ಸರಿಯಿತ್ತು. ಆಮೇಲೆ ಮೀಟರಿನ ಒಂದು ತುದಿಯನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೆ, ಇನ್ನೊಂದನ್ನು ಎಂಜಿನ್ನಿನ ಮೈಗೆ ಹಿಡಿದು ಶೆಡ್ಡಿನ ಕೆಲಸದ ಹುಡುಗನಿಗೆ ಸೆಲ್ಫ್ ಹೊಡೆಯಲು ಹೇಳಿದ. ಎರಡೂ ಕಡೆ ಅರ್ತ್ ಒಂದೇ ಆಗಿದ್ದರೆ ಮುಳ್ಳು ಹೆಚ್ಚು ಏಳಬಾರದು. ಅದು ಅರ್ಧ ವೋಲ್ಟ್ ದಾಟಿತು. ಎಂಜಿನ್ನಿಗೂ ಚಾಸಿಗೂ ನಡುವಿನ ಅರ್ತಿಂಗ್ ಪಟ್ಟಿ ಬಿಚ್ಚಿದರೆ ಬೋಲ್ಟಿನ ಕೆಳಗೆ ತುಕ್ಕು, ಗ್ರೀಸು, ಚಳ್ಳಕೆರೆಯ ಕೆಂಧೂಳು ಸೇರಿ ಚಕ್ಕೆ ಕಟ್ಟಿತ್ತು. ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ ಲೋಹ ಹೊಳೆಯುವಂತೆ ಮಾಡಿ ಬಿಗಿದ. ಸೆಲ್ಫಿನ ದನಿ ಜೋರಾಯಿತು.

ಮೇಷ್ಟ್ರ ಮುಖವರಳಿತು. "ಅಂದ್ರೆ ಅರ್ತಿಂಗೇ ತೊಂದರೆ?"

"ಇದೂ ಒಂದು. ನಿಮ್ಮ ಬುಕ್ಕಲ್ಲಿ ಇರೋ ತೊಂದರೆ ಇದಲ್ಲ. ಅರ್ತಿಂಗ್ ಕೆಟ್ಟಿದ್ರೆ ಅಪ್ಪ, ಮಗ ಅಂತ ಭೇದ ಮಾಡ್ತಿರಲಿಲ್ಲ."

ಯಜಮಾನ ಡ್ರೈವರ್ ಸೀಟಿನಲ್ಲಿ ಕುಳಿತು ಕೀಯನ್ನು ಒಂದು ಹೆಜ್ಜೆ ತಿರುಗಿಸಿದ. ಎಂಜಿನ್ ಶುರುಮಾಡಲಿಲ್ಲ. ಡ್ಯಾಶ್‌ಬೋರ್ಡನ್ನು ನೋಡುತ್ತ ಕುಳಿತ. ಆಯಿಲ್ ದೀಪ ಹತ್ತಿತ್ತು.

"ಚಾರ್ಜಿಂಗ್ ದೀಪ ಎಲ್ಲಿ?"

ಆಲ್ಟರ್ನೇಟರಿನ ಹಿಂಭಾಗದಲ್ಲಿ ಎರಡು ಬಗೆಯ ವೈರು. ದಪ್ಪನೆಯದು ಬ್ಯಾಟರಿಗೆ ಹೋಗುವುದು. ಸಣ್ಣದು ಡ್ಯಾಶ್‌ಬೋರ್ಡಿನ ಕೆಂಪು ದೀಪದ ಮೂಲಕ ಬರುವುದು. ಯಜಮಾನ ಎಂಜಿನ್ ಶುರುಮಾಡಿಸಿ ನಿಧಾನವಾಗಿ ಓಡಲು ಬಿಟ್ಟ. ಮೀಟರ್ 12.1 ತೋರಿಸುತ್ತಿತ್ತು. ಒಂದು ಸಣ್ಣ ಬಲ್ಬಿಗೆ ಎರಡು ವೈರ್ ಕಟ್ಟಿದ ತನ್ನ ಟೆಸ್ಟ್ ಲ್ಯಾಂಪಿನ ಒಂದು ತುದಿಯನ್ನು ಬ್ಯಾಟರಿಯ ಪಾಸಿಟಿವ್‌ಗೆ ಸಿಕ್ಕಿಸಿ, ಇನ್ನೊಂದನ್ನು ಆ ಸಣ್ಣ ವೈರಿನ ಜಾಗಕ್ಕೆ ಮುಟ್ಟಿಸಿದ. ಬಲ್ಬ್ ಮಿಣುಕಿ ಆರಿತು. ಅದೇ ಗಳಿಗೆಯಲ್ಲಿ ಎಂಜಿನ್ನಿನ ಸದ್ದು ಹೊರೆ ಹೊತ್ತವರ ಉಸಿರಿನಂತೆ ತುಸು ತಗ್ಗಿತು. ಮೀಟರಿನ ಅಂಕಿ ಏರಿತು: 13.2, 13.8, 14.1.

"ಹಾಲು ಚೆನ್ನಾಗೈತೆ ಮೇಷ್ಟ್ರೇ. ಹೆಪ್ಪು ಹಾಕಿಲ್ಲ, ಅಷ್ಟೆ."

ವಿಜ್ಞಾನದ ಮೇಷ್ಟ್ರು ಅಲ್ಲೇ ನಿಂತು ನಾಚಿದರು. 1831ರಲ್ಲಿ ಫ್ಯಾರಡೆ ಸುರುಳಿಯೊಳಗೆ ಅಯಸ್ಕಾಂತ ಆಡಿಸಿ ವಿದ್ಯುತ್ ಕಂಡ ಪಾಠವನ್ನು ಅವರು ವರ್ಷ ವರ್ಷವೂ ಕರಿಹಲಗೆಯ ಮೇಲೆ ಚಿತ್ರ ಬರೆದು ಮಾಡಿದವರು. ಉದಾಹರಣೆಗೆ ಯಾವಾಗಲೂ ಸೈಕಲ್ ಡೈನಮೊ. ಅದರೊಳಗೆ ಶಾಶ್ವತ ಅಯಸ್ಕಾಂತ ಇರುತ್ತದೆ. ಚಕ್ರ ತಿರುಗಿದರೆ ಸಾಕು, ದೀಪ ಹತ್ತುತ್ತದೆ. ಊರಿನಲ್ಲಿ ಎಲ್ಲರೂ ಕಾರಿನ ಆಲ್ಟರ್ನೇಟರನ್ನೂ ಡೈನಮೊ ಎಂದೇ ಕರೆಯುವುದರಿಂದ ಅದೂ ಹಾಗೆಯೇ ಎಂದು ಅವರು ತಿಳಿದುಬಿಟ್ಟಿದ್ದರು.

ಕಾರಿನ ಆಲ್ಟರ್ನೇಟರ್ ಬೇರೆಯೇ ಜಾತಿ. ತಿರುಗುವ ರೋಟರ್ ಅಯಸ್ಕಾಂತವಲ್ಲ, ತಂತಿ ಸುತ್ತಿದ ಕಬ್ಬಿಣ. ಕರೆಂಟು ಹರಿದಾಗ ಮಾತ್ರ ಅದು ಅಯಸ್ಕಾಂತವಾಗುತ್ತದೆ. ಸುತ್ತಲಿನ ಸ್ಟೇಟರಿನಲ್ಲಿ ಮೂರು ಫೇಸ್ ಎಸಿ ಹುಟ್ಟುತ್ತದೆ. ಆರು ಡಯೋಡ್‌ಗಳು ಅದನ್ನು ಡಿಸಿ ಮಾಡಿ ಬ್ಯಾಟರಿಗೆ ಕಳಿಸುತ್ತವೆ. ಸಿಲಿಕಾನ್ ಡಯೋಡ್ ಅಗ್ಗವಾದ ಮೇಲೆ, 1960ರ ಆಸುಪಾಸಿನಲ್ಲಿ ಅಮೆರಿಕದ ಕ್ರೈಸ್ಲರ್ ಕಂಪನಿ ಇದನ್ನು ಕಾರಿಗೆ ತಂದಿತು. ಹಳೆಯ ಡೈನಮೊಗಳು ಮೂಲೆಗೆ ಸರಿದವು. ಮೇಷ್ಟ್ರ ಗಾಡಿಯಲ್ಲಿದ್ದ ಬಗೆಯಲ್ಲಿ ಇನ್ನೂ ಮೂರು ಸಣ್ಣ ಡಯೋಡ್‌ಗಳಿರುತ್ತವೆ. ಆಲ್ಟರ್ನೇಟರ್ ತಾನೇ ಹುಟ್ಟಿಸಿದ ಕರೆಂಟಿನ ಒಂದು ಪಾಲನ್ನು ರೋಟರಿಗೆ ಮರಳಿಸುವುದು ಅವುಗಳ ಕೆಲಸ. ಆದರೆ ಮೊಟ್ಟಮೊದಲ ಕರೆಂಟು ಎಲ್ಲಿಂದ ಬರಬೇಕು? ಕೆಂಪು ದೀಪದಿಂದ. ಕೀ ತಿರುಗಿಸಿದಾಗ ಬ್ಯಾಟರಿಯಿಂದ ಹೊರಟ ಕರೆಂಟು ಎರಡು ವ್ಯಾಟಿನಷ್ಟರ ಆ ಪುಟ್ಟ ಬಲ್ಬನ್ನು ಹಾದು ರೋಟರಿಗೆ ಬರುತ್ತದೆ. ಅದು ಒಂದು ಆಂಪಿಯರಿನ ಐದನೇ ಒಂದು ಭಾಗಕ್ಕಿಂತ ತುಸು ಕಡಿಮೆ. ಅಷ್ಟು ಹೆಪ್ಪು ಬಿದ್ದರೆ ಮೂವತ್ತು ಆಂಪಿಯರಿಗೂ ಮಿಕ್ಕಿ ಕೊಡಬಲ್ಲ ಯಂತ್ರ ಎದ್ದು ಕೂರುತ್ತದೆ. ಆಗ ಬಲ್ಬಿನ ಎರಡೂ ತುದಿಗಳಲ್ಲಿ ವೋಲ್ಟೇಜು ಸಮವಾಗಿ ದೀಪ ಆರುತ್ತದೆ.

ಹೆಪ್ಪು ಬೀಳದಿದ್ದರೂ ಒಂದು ದಾರಿ ಉಂಟು. ಕಬ್ಬಿಣ ತನ್ನಲ್ಲಿ ಚೂರು ಅಯಸ್ಕಾಂತತೆ ಉಳಿಸಿಕೊಂಡಿರುತ್ತದೆ. ವರ್ನರ್ ಸೀಮೆನ್ಸ್ 1866-67ರಲ್ಲಿ ಡೈನಮೊ ತತ್ವವೆಂದು ಲೋಕಕ್ಕೆ ಸಾರಿದ್ದು ಇದನ್ನೇ. ಜೋರಾಗಿ ತಿರುಗಿಸಿದರೆ ಆ ಚೂರಿನಿಂದಲೇ ಯಂತ್ರ ತನ್ನನ್ನು ತಾನು ಎಬ್ಬಿಸಿಕೊಳ್ಳಬಲ್ಲದು, ಎದ್ದ ಮೇಲೆ ಎಂಜಿನ್ ಆರಿಸುವವರೆಗೂ ಮಲಗುವುದಿಲ್ಲ. ಮಗ ಗುಯ್ ಎಂದು ತುಳಿದಾಗ ಆದದ್ದು ಅದು. ಅಂಗಡಿಯ ಹುಡುಗ ಆಕ್ಸಿಲರೇಟರ್ ಒತ್ತಿ ಮೀಟರ್ ತೋರಿಸಿದಾಗ ಆದದ್ದೂ ಅದೇ. ಅಂಗಡಿಯಿಂದ ಮನೆವರೆಗೆ ಚಾರ್ಜ್ ಆಗುತ್ತಲೇ ಬಂದ ಗಾಡಿ, ಮರುದಿನ ಮೇಷ್ಟ್ರ ಮೆಲ್ಲಗಿನ ಪಾದದ ಕೆಳಗೆ ಮಲಗಿಯೇ ಓಡಿತ್ತು. ಹಳೆಯ ಆಲ್ಟರ್ನೇಟರಿನ ಕಬ್ಬಿಣ ವರ್ಷಗಟ್ಟಲೆ ಪಳಗಿತ್ತು, ಹೊಸದಾಗಿ ಸುತ್ತಿದ ರೋಟರಿಗೆ ಆ ನೆನಪು ಇರಲಿಲ್ಲ ಎಂಬುದು ಯಜಮಾನನ ವಿವರಣೆ.

ಶೆಡ್ಡಿನ ಹುಡುಗ ಡ್ಯಾಶ್‌ಬೋರ್ಡಿನ ಹಿಂದೆ ಕೈತೂರಿಸಿ ಬಲ್ಬಿನ ಹೋಲ್ಡರ್ ಎಳೆದ. ಖಾಲಿ.

"ಸುಟ್ಟಿಲ್ಲ ಸಾರ್. ಬಲ್ಬೇ ಇಲ್ಲ. ಯಾರೋ ತೆಗೆದವ್ರೆ."

ಮೇಷ್ಟ್ರು ಮಾತಾಡಲಿಲ್ಲ. ಹೆಂಡತಿ ಅವರ ಮುಖ ನೋಡಿದರು. "ಹಟ್ಟಿ ಜಾತ್ರೆ ದಿನ," ಎಂದರು ಮೆಲ್ಲಗೆ.

ಅದೇ ವರ್ಷದ ಫಾಲ್ಗುಣ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ ಜಾತ್ರೆ. ಗಾಡಿ ತುಂಬ ಮನೆಮಂದಿ, ಕಾಲಬುಡದಲ್ಲಿ, ಜಾತ್ರೆಯಲ್ಲಿ ಸುಡಲೆಂದು ಒಯ್ಯುತ್ತಿದ್ದ ಕೊಬ್ಬರಿಯ ಚೀಲ. ದಾರಿಯುದ್ದಕ್ಕೂ ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪವೊಂದು ಮಂಕಾಗಿ ಉರಿಯುತ್ತಿತ್ತು. ಪೂರ್ತಿ ಹತ್ತುವುದೂ ಇಲ್ಲ, ಆರುವುದೂ ಇಲ್ಲ. ಪಕ್ಕದಲ್ಲಿ ಕುಳಿತಿದ್ದ ಅವ್ವ ಮೈಲಿಗೊಮ್ಮೆ, "ಅದೇನಪ್ಪ ಕೆಂಪಗೆ, ಬೆಂಕಿಗಿಂಕಿ ಅಲ್ಲ ತಾನೆ?" ಎಂದು ಕೇಳುತ್ತಿದ್ದರು. ಮುಕ್ತಿಬಾವುಟದ ಹರಾಜಾಯಿತು, ತೇರು ಎಳೆದದ್ದಾಯಿತು. ವಾಪಸು ಹೊರಡುವ ಮುನ್ನ ಮೇಷ್ಟ್ರು ತಾವೇ ಬಗ್ಗಿ ಹೋಲ್ಡರ್ ಎಳೆದು ಬಲ್ಬ್ ಕಿತ್ತು ಜೇಬಿಗೆ ಹಾಕಿಕೊಂಡಿದ್ದರು. ಅವ್ವ ನೆಮ್ಮದಿಯಾಗಿ ನಿದ್ದೆಹೋದರು. ಜೇಬಿನ ಬಲ್ಬ್ ಎಲ್ಲಿ ಹೋಯಿತೋ.

ಯಜಮಾನ ಕೇಳಿ ತಲೆಯಾಡಿಸಿದ. ಮಂಕಾಗಿ ಉರಿದಿದ್ದರೆ ಆಗಲೇ ಒಂದು ಡಯೋಡ್ ಹೋಗಿತ್ತು ಎಂದರ್ಥ. ಬಲ್ಬಿನ ಎರಡು ತುದಿಯ ವೋಲ್ಟೇಜಿನಲ್ಲಿ ಚೂರು ವ್ಯತ್ಯಾಸ ಉಳಿದರೆ ಹಾಗೆ ಮಂಕು ಬೆಳಕು ಬರುತ್ತದೆ. ಹಳೆಯ ಆಲ್ಟರ್ನೇಟರ್ ಬಿಚ್ಚುವ ಏಳು ತಿಂಗಳ ಮೊದಲೇ ದೀಪ ಅದರ ಕಾಯಿಲೆ ಹೇಳಿತ್ತು. ಮೇಷ್ಟ್ರು ಅದನ್ನು ಬರೀ ಚಾಡಿ ಹೇಳುವ ದೀಪವೆಂದುಕೊಂಡರು. ಅದು ದುಡಿಯುವ ದೀಪವೂ ಹೌದೆಂದು ಗೊತ್ತಿರಲಿಲ್ಲ.

ಹೊಸ ಬಲ್ಬ್ ಹಾಕಿದ ಯಜಮಾನ ಬಲ್ಬಿನ ದುಡ್ಡು, ಅರ್ತಿಂಗ್ ಪಟ್ಟಿ ಉಜ್ಜಿದ ಕೂಲಿ, ಇಷ್ಟನ್ನೇ ತೆಗೆದುಕೊಂಡ. ಕತ್ತಲಾದ ಮೇಲೆ ಬೇಕೆಂದೇ ಹೆಡ್‌ಲೈಟು ಹಾಕಿಕೊಂಡು ಹೊರಟರು. ಹಾನಗಲ್ ಬಂತು, ಬಿ.ಜಿ. ಕೆರೆ ಹೋಯಿತು, ಬೆಳಕು ಬೆಳ್ಳಗೇ ಇತ್ತು. ತಳುಕಿನಲ್ಲಿ ಟೀಗೆ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ವೆಂಕಣ್ಣಯ್ಯನವರ ಸಂಗತಿಯನ್ನು ಹೆಂಡತಿಗೆ ಮತ್ತೊಮ್ಮೆ ಹೇಳಿದರು.

ಮಾರನೆಯ ದಿನದ ಕೆಲಸ ಹೆಚ್ಚು ಕಷ್ಟದ್ದು. ಹಳೆಯ ವಿದ್ಯಾರ್ಥಿಯ ಅಂಗಡಿಗೆ ಹೋದರು. ಗಿರಾಕಿಗಳು ಇರುವ ಹೊತ್ತನ್ನೇ ನೋಡಿ ಹೋದರು. ಬಲ್ಬಿನ ಕತೆ ಪೂರ್ತಿ ಹೇಳಿ, "ನನ್ನ ತಪ್ಪು ಕಣಪ್ಪ" ಎಂದರು. ಹುಡುಗನಿಗೆ ಕುತೂಹಲವಿದ್ದದ್ದು ಕ್ಷಮೆಯಲ್ಲಲ್ಲ. ಓಡಿಹೋಗಿ ತನ್ನ ಟೆಸ್ಟ್ ಬೆಂಚ್ ನೋಡಿ, ತಲೆಗೆ ಕೈಹಚ್ಚಿ ಕುಳಿತ.

"ಸಾರ್, ಬೆಂಚಲ್ಲಿ ಆ ಸಣ್ಣ ವೈರಿಗೆ ನಮ್ಮದೇ ಬಲ್ಬ್ ಕಟ್ಟಿರ್ತೀವಿ! ಇಲ್ಲಿ ಎಷ್ಟು ಸಲ ಕೂರಿಸಿದ್ರೂ ಪಾಸೇ ಆಗ್ತಿತ್ತು. ಕೀ ಹಾಕ್ದಾಗ ನಿಮ್ಮ ದೀಪ ಹತ್ತುತ್ತಾ ಅಂತ ನಾನೂ ನೋಡ್ಬೇಕಿತ್ತು ಬಿಡಿ."

ಆ ವರ್ಷದಿಂದ ಮೇಷ್ಟ್ರ ಪಾಠದಲ್ಲಿ ಸೈಕಲ್ ಡೈನಮೊ ಪಕ್ಕದಲ್ಲಿ ಕಾರಿನ ಆಲ್ಟರ್ನೇಟರೂ ಸೇರಿತು. ಬೇರಿಂಗ್ ಹೋದ ಹಳೆಯದನ್ನೇ ಅಂಗಡಿಯ ಹುಡುಗ ಗರಗಸದಲ್ಲಿ ಸೀಳಿ, ರೋಟರ್, ಸ್ಟೇಟರ್, ಡಯೋಡ್ ಎಲ್ಲ ಕಾಣುವಂತೆ ಹಲಗೆಗೆ ಬಿಗಿದು ಶಾಲೆಗೆ ತಂದುಕೊಟ್ಟ. ಸೈನ್ಸಿನಲ್ಲಿ ಮೂವತ್ತೈದು ತಗೊಂಡವನು ಒಂದು ಪೀರಿಯಡ್ ನಿಂತು ವಿವರಿಸಿಯೂ ಹೋದ. ಮೇಷ್ಟ್ರು ಹಿಂದಿನ ಬೆಂಚಿನಲ್ಲಿ ಕುಳಿತು ಕೇಳಿದರು.

ಅಂಬಾಸಿಡರ್ ಮಾರಿ ಎಷ್ಟೋ ವರ್ಷವಾಯಿತು. ಉತ್ತರಪಾರಾದ ಕಾರ್ಖಾನೆಯಲ್ಲಿ ಅದರ ತಯಾರಿಕೆಯೂ 2014ರ ಮೇ ತಿಂಗಳಲ್ಲಿ ನಿಂತಿತು. ಎಪ್ಪತ್ತರ ಗಡಿಯಲ್ಲಿರುವ ಮೇಷ್ಟ್ರು ಈಗ ಮಗನ ಕಾರಿನಲ್ಲಿ ಓಡಾಡುತ್ತಾರೆ. ಅದರಲ್ಲಿ ಆಲ್ಟರ್ನೇಟರಿಗೆ ಯಾವಾಗ ಎಷ್ಟು ಚಾರ್ಜ್ ಕೊಡಬೇಕೆಂದು ಹೇಳುವುದು ಕಂಪ್ಯೂಟರು. ಡೀಸೆಲ್ ಉಳಿಸಲು ಅದು ಒಮ್ಮೊಮ್ಮೆ ಬೇಕೆಂದೇ ವೋಲ್ಟೇಜು ಇಳಿಸುವುದೂ ಉಂಟು, ಹಳೆಯ 13.8ರ ಲೆಕ್ಕ ಹಿಡಿದು ಅಂಥ ಗಾಡಿಯ ಮೇಲೆ ದೂರು ಹೊರಿಸುವಂತಿಲ್ಲ. ಬ್ಯಾಟರಿ ಕಾರಿನಲ್ಲಿ ಆಲ್ಟರ್ನೇಟರೇ ಇಲ್ಲ. ದೀಪ, ಹಾರ್ನಿಗೆಂದು ಇರುವ 12 ವೋಲ್ಟಿನ ಸಣ್ಣ ಬ್ಯಾಟರಿಯನ್ನು ದೊಡ್ಡ ಬ್ಯಾಟರಿಯೇ ಕನ್ವರ್ಟರ್ ಮೂಲಕ ತುಂಬಿಸುತ್ತದೆ.

ಆದರೂ ಚಳ್ಳಕೆರೆ, ಮೊಳಕಾಲ್ಮುರು ಕಡೆಯ ತೋಟ, ಮಂಡಿಗಳಲ್ಲಿ ಹಳೆಯ ಜೀಪು, ಟ್ರ್ಯಾಕ್ಟರು, ಲಾರಿಗಳು ಇನ್ನೂ ದುಡಿಯುತ್ತಿವೆ. ಅಂಥ ಗಾಡಿ ಇರುವವರಿಗೆ ಮೇಷ್ಟ್ರು ಹೇಳುವುದು ಇಷ್ಟು: ಕೀ ತಿರುಗಿಸಿ, ಸೆಲ್ಫ್ ಹೊಡೆಯುವ ಮೊದಲು ಡ್ಯಾಶ್‌ಬೋರ್ಡ್ ನೋಡಿ. ಬ್ಯಾಟರಿಯ ಕೆಂಪು ದೀಪ ಹತ್ತಬೇಕು. ಎಂಜಿನ್ ಓಡಿದ ಮೇಲೆ ಪೂರ್ತಿ ಆರಬೇಕು. ಮಂಕಾಗಿ ಉರಿದರೆ ಡಯೋಡ್ ತೋರಿಸಿ. ಮೊದಲೇ ಹತ್ತದಿದ್ದರೆ, ಆಲ್ಟರ್ನೇಟರ್ ಇಳಿಸುವ ಮುನ್ನ ಆ ಬಲ್ಬ್ ಬಿಚ್ಚಿ ನೋಡಿ.